ಚಾವಣಿಯ ಮೇಲಿನ ನಡುಕ

ಅಮೆರಿಕದಲ್ಲಿ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆಗೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. ರಜೆಯಲ್ಲಿ ಊರು ಸುತ್ತಲೆಂದು ಹುಟ್ಟಿದ ಈ ಮನೆ, ಹಳೆಯದಾದ ಮೇಲೆ ಎಷ್ಟೋ ಕಡೆ ಅಂಗಳದಲ್ಲಿ ನಿಂತು ವಾಸದ ಮನೆಯೇ ಆಗಿಬಿಡುತ್ತದೆ. ಟೆಕ್ಸಾಸ್‌ನಲ್ಲಿ ಅಂಥದೊಂದು ಟ್ರೇಲರಿನಲ್ಲಿ, ಮಗನ ಮನೆಯ ಪಕ್ಕದಲ್ಲೇ, ಒಬ್ಬ ಅಜ್ಜಿ ಇದ್ದರು. ಅಲ್ಲಿನ ಬೇಸಿಗೆಯಲ್ಲಿ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ತೆಳು ಗೋಡೆಯ ಆ ಪೆಟ್ಟಿಗೆಯಲ್ಲಿ ಏರ್‌ಕಂಡಿಷನರ್ ಇಲ್ಲದೆ ವಯಸ್ಸಾದವರು ಇರುವುದು ಅಪಾಯ. ಅವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ಬೇಗ ತಿಳಿಯದು.

ಆದರೂ ಅಜ್ಜಿ ರಾತ್ರಿ ಅದನ್ನು ಆರಿಸಿ ಮಲಗುತ್ತಿದ್ದರು. ಚಾವಣಿಯ ಮೇಲೆ ಯಂತ್ರ ನಡುಗಿದರೆ ಕೆಳಗೆ ಮಂಚವೂ ನಡುಗುತ್ತಿತ್ತು. ನೋಡಲು ಬಂದ ರಿಪೇರಿಯವನು ಸ್ಕ್ರೂಡ್ರೈವರನ್ನೇ ಹೊರತೆಗೆಯದೆ ‘ಹಳೆಯದಾಯಿತು, ಹೊಸದು ಹಾಕಿಸಿ’ ಎಂದು ಹೇಳಿ ಹೋದ.

ಮಗ ಅಷ್ಟು ಹಣ ಸುರಿಯುವ ಮೊದಲು ತಾನೇ ಒಂದು ಕೈ ನೋಡಿದ. ಈ ಯಂತ್ರ ಕೂರುವುದು ಚಾವಣಿಯಲ್ಲಿ ಸುಮಾರು 14 ಅಂಗುಲದ ಚೌಕ ಕಂಡಿಯ ಮೇಲೆ. ನಡುವೆ ಸ್ಪಂಜಿನಂಥ ಗ್ಯಾಸ್ಕೆಟ್. ಒಳಗಿನಿಂದ ನಾಲ್ಕು ಉದ್ದ ಬೋಲ್ಟು. ಸಡಿಲವಾಗಿರಬೇಕೆಂದು ಅವನು ನಾಲ್ಕನ್ನೂ ಬಲವಾಗಿ ಬಿಗಿದ. ನಡುಕ ಹೆಚ್ಚಾಯಿತು! ಒಂದು ಅಂಗುಲ ದಪ್ಪದ ಗ್ಯಾಸ್ಕೆಟ್ ಅರ್ಧದಷ್ಟು ಕುಗ್ಗಿದರೆ ಸರಿ. ಅಪ್ಪಚ್ಚಿಯಾದರೆ ಯಂತ್ರದ ಕಂಪನವನ್ನು ನುಂಗುವುದು ಏನೂ ಉಳಿಯುವುದಿಲ್ಲ. ತಂಬೂರಿಯ ಬುರುಡೆಯಂತೆ ಇಡೀ ಚಾವಣಿಯೇ ಮೊರೆಯುತ್ತದೆ. ಕಾರಣ ತಿಳಿಯುವ ಮೊದಲೇ ಸ್ಪ್ಯಾನರ್ ಹಿಡಿಯುವ ಈ ಚಾಳಿ ಟೆಕ್ಸಾಸಿಗಷ್ಟೇ ಸೇರಿದ್ದಲ್ಲ ಬಿಡಿ.

ಹೈಸ್ಕೂಲು ಓದುತ್ತಿದ್ದ ಮೊಮ್ಮಗ ಒಂದು ಮಾತು ಕೇಳಿದ: ‘ಅಪ್ಪಾ, ತಂಪು ಬೇಡ, ಬರೀ ಫ್ಯಾನ್ ಹಾಕಿದರೆ ನಡುಗುತ್ತದೆಯೇ?’ ಹಾಕಿ ನೋಡಿದರು. ಹಾಗೆಯೇ ನಡುಗಿತು. ಬರೀ ಫ್ಯಾನ್ ತಿರುಗುವಾಗ ಕಂಪ್ರೆಸರ್ ಸುಮ್ಮನಿರುತ್ತದೆ. ಎಂದರೆ ಆರೋಪಿ ಅದಲ್ಲ. ವೇಗ ತಗ್ಗಿಸಿದರು, ನಡುಕವೂ ತಗ್ಗಿತು. ಒಂದು ಗುಂಡಿ ತಿರುಗಿಸಿದ್ದಕ್ಕೆ ಅರ್ಧ ಯಂತ್ರ ಅನುಮಾನದಿಂದ ಪಾರಾಯಿತು.

ವಿದ್ಯುತ್ ಸಂಪರ್ಕದ ಪ್ಲಗ್ಗನ್ನೇ ಕಿತ್ತು ಅಪ್ಪ ಮೇಲೆ ಹತ್ತಿದ. ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಅದನ್ನು ಮುಟ್ಟಬಾರದು. ಈ ಕೆಲಸ ಹುಡುಗರದಲ್ಲ. ಬಿಸಿಲಿಗೆ ಪೆಡಸಾದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಂದೇ ಮೋಟರು. ಅದರ ಅಚ್ಚು ಎರಡೂ ಕಡೆ ಚಾಚಿದೆ. ಒಂದು ತುದಿಗೆ ಬಿಸಿಗಾಳಿ ಹೊರದೂಡುವ ರೆಕ್ಕೆ, ಇನ್ನೊಂದು ತುದಿಗೆ ತಣ್ಣನೆಯ ಗಾಳಿಯನ್ನು ಒಳಗೆ ದಬ್ಬುವ ಉರುಟು ಬ್ಲೋವರ್ ಚಕ್ರ. ಚಕ್ರದ ಪಟ್ಟಿಗಳ ತುಂಬ ವರ್ಷಗಳ ಧೂಳು, ಜಿಡ್ಡು ಹೆಪ್ಪುಗಟ್ಟಿತ್ತು. ಸಮನಾಗಿ ಮೆತ್ತಿಕೊಂಡಿದ್ದರೆ ನಡುಕವಿರುತ್ತಿರಲಿಲ್ಲ. ಒಂದು ಕಡೆಯ ಹೆಪ್ಪು ಕಳಚಿ ಬಿದ್ದಿತ್ತು.

ಇಷ್ಟಕ್ಕೇ ಮಂಚ ನಡುಗುವುದೇ? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಅಕ್ಷದಿಂದ 8 ಸೆಂಟಿಮೀಟರ್ ದೂರದಲ್ಲಿ ಬರೀ 5 ಗ್ರಾಂ ವ್ಯತ್ಯಾಸ, ನಿಮಿಷಕ್ಕೆ 1,600 ಸುತ್ತು ಎಂದುಕೊಳ್ಳಿ. ದ್ರವ್ಯರಾಶಿ, ತ್ರಿಜ್ಯ, ಕೋನವೇಗದ ವರ್ಗ ಇವುಗಳನ್ನು ಗುಣಿಸಿದರೆ ಸುಮಾರು 11 ನ್ಯೂಟನ್. ಅಂದರೆ ಒಂದು ಕಿಲೋಗೂ ಮಿಕ್ಕಿದ ತೂಕದ ಸೆಳೆತ, ಸೆಕೆಂಡಿಗೆ ಸುಮಾರು 27 ಸಲ ಸುತ್ತಲೂ ದಿಕ್ಕು ಬದಲಿಸುತ್ತ ಅಚ್ಚನ್ನು ಜಗ್ಗುತ್ತದೆ. ವೇಗ ಅರ್ಧವಾದರೆ ಸೆಳೆತ ಕಾಲು ಭಾಗ. ಗುಂಡಿ ತಿರುಗಿಸಿದಾಗ ನಡುಕ ತಗ್ಗಿದ್ದು ಇದಕ್ಕೇ.

ಬ್ರಷ್ಷು, ಸೋಪು ನೀರು ಹಿಡಿದು ಪಟ್ಟಿ ಪಟ್ಟಿಯನ್ನೂ ತೊಳೆದರು. ಒಂದು ಪಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಲೋಹದ ಕ್ಲಿಪ್ಪನ್ನು ಅಪ್ಪ ಕಸವೆಂದು ಕೀಳಹೊರಟಿದ್ದ, ಹುಡುಗ ತಡೆದ. ಕಾರಿನ ಚಕ್ರಕ್ಕೆ ಬಡಿಯುವ ಸೀಸದ ತುಂಡಿನಂತೆ ಅದು ಸಮತೋಲಕ್ಕಾಗಿ ಕಾರ್ಖಾನೆಯಲ್ಲೇ ಹಾಕಿದ್ದು. ತಾಮ್ರದ ಎರಡು ಕೊಳವೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಹಾಗೇ ಬಿಟ್ಟರೆ ಸವೆದು ತೂತಾಗಿ ಅನಿಲ ಸೋರುತ್ತದೆ. ನಡುವೆ ರಬ್ಬರ್ ತುಂಡು ಇಟ್ಟರು. ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದರು. ಅರ್ಧ ಅಂಗುಲಕ್ಕೆ ನಿಲ್ಲಿಸಿದರು.

ಕಂಪ್ರೆಸರ್ ಹೊರಡುವಾಗಿನ ಒಂದು ಗುದ್ದು ಮಾತ್ರ ಉಳಿದುಕೊಂಡಿತು. ಅದರ ರಬ್ಬರ್ ಬುಡಗಳಿಗೂ ವಯಸ್ಸಾಗಿದೆ. ಅದಕ್ಕೆ ಯಾರೂ ಕೈಹಾಕಲಿಲ್ಲ. ಅಜ್ಜಿ ಅಂದು ರಾತ್ರಿ ಯಂತ್ರ ಆರಿಸಲಿಲ್ಲ. ಬೆಳಗಿನ ಜಾವ ಎದ್ದು ಹೊದಿಕೆ ಹುಡುಕಿಕೊಂಡರಂತೆ.