ಮೊರದ ಮೇಲಿನ ಕಾಫಿ ಬೀಜ

ಮೊನ್ನೆ ಏಳನೇ ತರಗತಿಯಲ್ಲಿ ಸಮಾಜ ಪಾಠ. ಗೋಡೆಯ ಭೂಪಟದಲ್ಲಿ ಅರಕು ಕಣಿವೆಯನ್ನು ತೋರಿಸಿ, ನಮ್ಮ ರಾಜ್ಯದ ಕಾಫಿ ಬೆಳೆಯುವುದು ಇಲ್ಲಿ ಎಂದೆವು. ಹಿಂದಿನ ಸಾಲಿನ ಹುಡುಗ ಎದ್ದು, "ಸಾರ್, ನಿಮ್ಮನ್ಯಾಗ ಹುರಿಯೋದು ಆಂಧ್ರದ್ದೋ ಕರ್ನಾಟಕದ್ದೋ?" ಎಂದ. ತರಗತಿಯೆಲ್ಲ ಗೊಳ್ಳೆಂದಿತು. ನಮ್ಮ ಮನೆ ಇರುವುದು ಶಾಲೆಯ ಹಿಂದಿನ ಬೀದಿಯಲ್ಲೇ, ಭಾನುವಾರ ಮಾಳಿಗೆಯ ಮೇಲೆ ಏಳುವ ಹೊಗೆ ಮಕ್ಕಳಿಗೆಲ್ಲ ಗೊತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವನಿಗೆ ಉತ್ತರ ಬಾಕಿ ಉಳಿದಿದೆ.

ಆದೋನಿ ಚಹಾದ ಊರು. ಬೆಳಿಗ್ಗೆ ಒಗ್ಗರಣೆ-ಬಜ್ಜಿ ತಿಂದು ಅರ್ಧ ಲೋಟ ಚಾ ಕುಡಿದರೆ ಮಧ್ಯಾಹ್ನದ ತನಕ ಯೋಚನೆಯಿಲ್ಲ. ಆದರೂ ನಮ್ಮಂಥ ಕೆಲವು ಮನೆಗಳಲ್ಲಿ ಫಿಲ್ಟರ್ ಕಾಫಿ ಉಳಿದುಕೊಂಡಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಬಂದವು. ಗಡಿ ಸರಿಯಿತು, ಕಾಫಿಪುಡಿಯ ಅಂಗಡಿ ಮಾತ್ರ ಸರಿಯಲಿಲ್ಲ. ನಮ್ಮ ಹಿರಿಯರು ಅದಕ್ಕಾಗಿ ಬಳ್ಳಾರಿಗೇ ಹೋಗುತ್ತಿದ್ದರು. ನಾವೂ ಹಾಗೇ ನಡೆಸಿಕೊಂಡು ಬಂದೆವು. ಗಟ್ಟಿ ಡಿಕಾಕ್ಷನ್, ಎಮ್ಮೆ ಹಾಲು, ಎರಡು ಚಮಚ ಸಕ್ಕರೆ!

ನಾಲ್ಕು ವರ್ಷದ ಹಿಂದೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಸಕ್ಕರೆ ಪೂರ್ತಿ ಬಿಡಿ, ಹಾಲು ಕಡಿಮೆ ಮಾಡಿ ಎಂದರು ಡಾಕ್ಟರು. ಒಬ್ಬರು ಬಿಟ್ಟು ಇನ್ನೊಬ್ಬರು ಎದುರಿಗೇ ಕೂತು ಕುಡಿಯುವುದುಂಟೇ? ಇಬ್ಬರೂ ಬಿಟ್ಟೆವು. ಮೂವತ್ತು ವರ್ಷ ಬೆಳಗಿನ ಆರು ಗಂಟೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಎದುರುಬದುರಾಗಿ ಕೂತವರು ನಾವು. ಆಮೇಲೆ ಅಲ್ಲಿ ಕೂರುವುದೇ ನಿಂತುಹೋಯಿತು. ಕಾಫಿಗಿಂತ ಅದೇ ದೊಡ್ಡ ನಷ್ಟ ಎನಿಸತೊಡಗಿತ್ತು. ಬೆಂಗಳೂರಿನಲ್ಲಿರುವ ಮಗ ಬಂದವನು ಇದನ್ನು ನೋಡಿದ, ಏನೂ ಹೇಳಲಿಲ್ಲ. ಮುಂದಿನ ಸಲ ಬರುವಾಗ ಸಣ್ಣದೊಂದು ಎಸ್ಪ್ರೆಸೊ ಯಂತ್ರ, ಕೈಯಲ್ಲಿ ತಿರುಗಿಸುವ ಗ್ರೈಂಡರ್ ಹೊತ್ತು ತಂದ. "ಅಮ್ಮಾ, ಹಾಲು ಸಕ್ಕರೆ ಇಲ್ಲದೇನೇ ರುಚಿ ಇರೋ ಕಾಫಿ ಇದೆ" ಅಂದ.

ಮೊದಲ ದಿನ ನಾವು ಹಾಕಿದ್ದು ನಮ್ಮ ಹಳೆಯ ಪುಡಿಯನ್ನೇ. ಚಿಕೋರಿ ಬೆರೆತ ನುಣ್ಣನೆಯ ಪುಡಿ. ಯಂತ್ರ ಗುರುಗುಟ್ಟಿತು, ಒಂದು ಹನಿಯೂ ಇಳಿಯಲಿಲ್ಲ. ಎಸ್ಪ್ರೆಸೊ ಎಂದರೆ ತೊಂಬತ್ತರ ಆಸುಪಾಸಿನ ಬಿಸಿನೀರನ್ನು ಒಂಬತ್ತು ವಾಯುಭಾರದ ಒತ್ತಡದಲ್ಲಿ ಪುಡಿಯ ಮೂಲಕ ನುಗ್ಗಿಸುವುದು. 25-30 ಸೆಕೆಂಡಿನಲ್ಲಿ ಎರಡು ಗುಟುಕಿನಷ್ಟು ರಸ ಬರಬೇಕು. ಅಷ್ಟು ಒತ್ತಡದಲ್ಲಿ ಬೀಜದ ಗುಣವೂ ಇಳಿಯುತ್ತದೆ, ದೋಷವೂ ಇಳಿಯುತ್ತದೆ. ಹಾಲು, ಸಕ್ಕರೆ, ಚಿಕೋರಿ ಮೂರೂ ಇಷ್ಟು ವರ್ಷ ಎಷ್ಟೊಂದನ್ನು ಮುಚ್ಚಿಟ್ಟಿದ್ದವು ಎಂದು ನಮಗೆ ಗೊತ್ತಾದದ್ದು ಆಗಲೇ. ಹುರಿದ ಬೀಜ ತರಿಸಿದರೆ ನಮ್ಮ ಬಿಸಿಲಿಗೆ ಒಂದು ತಿಂಗಳಲ್ಲಿ ಪರಿಮಳ ಹಾರಿಹೋಗುತ್ತದೆ. ಹಸಿ ಬೀಜವಾದರೆ ಹಲವು ತಿಂಗಳು ಇರುತ್ತದೆ. ಸರಿ, ಹಸಿ ಬೀಜವನ್ನೇ ತಂದು ಹುರಿಯೋಣ ಎಂದುಕೊಂಡೆವು. ನಮ್ಮ ಅಜ್ಜಿಯರು ಬಾಣಲೆಯಲ್ಲಿ ಹುರಿಯುತ್ತಿರಲಿಲ್ಲವೇ?

ಮೋಸ ಹೋದದ್ದು ಇಲ್ಲೇ. ಪರಿಚಯದ ಒಬ್ಬರ ಮೂಲಕ ಅಗ್ಗಕ್ಕೆ ಸಿಕ್ಕಿತೆಂದು ಐದು ಕೆಜಿ ಒಮ್ಮೆಗೇ ತರಿಸಿದೆವು. ಹುರಿದರೆ ಒಂದು ಬೀಜ ಕಪ್ಪು, ಪಕ್ಕದ್ದು ಕಂದು, ಇನ್ನೊಂದು ಹಳದಿ. ಕುಡಿದರೆ ಗೋಣಿಚೀಲ ನೆನೆಸಿದ ನೀರು. ಹುರಿದದ್ದೇ ಸರಿಯಿಲ್ಲವೆಂದು ಎರಡು ವಾರ ನಮ್ಮನ್ನು ನಾವೇ ಬೈದುಕೊಂಡೆವು. ಆಗ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪ ಟಿ.ಸಿ. ವಿಷಯಕ್ಕೆ ಮನೆಗೆ ಬಂದರು. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಅವರು. ಹತ್ತಿಯನ್ನು ಮುಷ್ಟಿಯಲ್ಲಿ ಹಿಸುಕಿ ತೇವ ಹೇಳುವವರು, ಶೇಂಗಾ ಕಡಿದು ಮಾಲಿನ ವಯಸ್ಸು ಹೇಳುವವರು. ಕಾಫಿ ಬೀಜವನ್ನು ಅವರು ಜೀವಮಾನದಲ್ಲಿ ಮುಟ್ಟಿರಲಿಲ್ಲ. ಚೀಲಕ್ಕೆ ಮೂಗು ಕೊಟ್ಟರು, ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದರು. "ಹಳೇ ಮಾಲು ಸಾರ್. ಎಲ್ಡು ಮಳೆಗಾಲ ಕಂಡೈತಿ. ಎರಡು ಚೀಲದ್ದು ಕೂಡಿಸ್ಯಾರ" ಎಂದರು.

ಅಕ್ಷರಶಃ ನಿಜ. ಆಮೇಲೆ ನಾವು ಓದಿ, ಕೇಳಿ, ಕೆಡಿಸಿ ಕಲಿತದ್ದೆಲ್ಲ ಅವರ ಆ ಮೂರು ಮಾತಿನಲ್ಲೇ ಇತ್ತು.

ವಾಸನೆಯಿಂದಲೇ ಶುರು ಮಾಡಬೇಕು. ಹೊಸ ಬೀಜ ಹಸಿ ಹುಲ್ಲಿನಂತೆ, ಹಸಿ ಬಟಾಣಿಯಂತೆ ಇರುತ್ತದೆ. ಗೋಣಿಯ, ಮುಗ್ಗಲಿನ, ಹುಳಿಯ ವಾಸನೆ ಇದ್ದರೆ ಮುಟ್ಟಬೇಡಿ, ಎಷ್ಟು ಹುರಿದರೂ ಹೋಗುವುದಿಲ್ಲ. ಬಣ್ಣ ನೀಲಿ-ಹಸಿರಿನ ಕಡೆಗಿರಬೇಕು, ಹಳೆಯದಾದಷ್ಟು ಬಿಳುಚುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ನಂತರ. ಹಾಗಾಗಿ ಏಪ್ರಿಲ್ ಹೊತ್ತಿಗೆ ಹೊಸ ಬೆಳೆ ಕೇಳಬಹುದು. "ಯಾವ ವರ್ಷದ ಬೆಳೆ?" ಎಂದು ಕೇಳಿ. ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ. ತೇವ ಶೇಕಡಾ 10-12 ಇರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಚೀಲ ಬಿಚ್ಚಿಟ್ಟರೆ ಒಣಗಿ ಕಟ್ಟಿಗೆಯಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬದಲ್ಲಿ, ಮನೆಯ ತಂಪಾದ ಮೂಲೆಯಲ್ಲಿಡಿ. ಒಮ್ಮೆಗೆ ಎರಡು ಕೆಜಿ ದಾಟಬೇಡಿ.

ಚೀಲದ ಮೇಲಿನ 'ಪ್ಲಾಂಟೇಷನ್ ಎ', 'ಎಎ' ಎಂಬ ಅಕ್ಷರ ನೋಡಿ ಮರುಳಾಗಬೇಡಿ. ಅದು ಪರೀಕ್ಷೆಯ ದರ್ಜೆಯಲ್ಲ, ಜರಡಿಯ ದರ್ಜೆ. 'ಎ' ಎಂದರೆ 6.65 ಮಿಲಿಮೀಟರ್ ಜರಡಿಯಲ್ಲಿ ನಿಂತ ಬೀಜ, ಅಷ್ಟೇ. ದೊಡ್ಡ ಬೀಜವೆಲ್ಲ ರುಚಿಯ ಬೀಜವಲ್ಲ. ಬಾಣಲೆಯಲ್ಲಿ ಹುರಿಯುವವರಿಗೆ ಗಾತ್ರಕ್ಕಿಂತ ಸಮವಾಗಿರುವುದು ಮುಖ್ಯ. ನಮಗೆ ಇಷ್ಟವಾದದ್ದು ಪೀಬೆರಿ. ಸಾಮಾನ್ಯವಾಗಿ ಹಣ್ಣಿನಲ್ಲಿ ಎರಡು ಬೀಜ ಬೆನ್ನು ಹೊರಗೆ ಮಾಡಿ ಕೂತಿರುತ್ತವೆ. ಕೆಲವದರಲ್ಲಿ ಒಂದೇ ಬೀಜ ಗುಂಡಗೆ ಬೆಳೆಯುತ್ತದೆ. ಅದು ಪೀಬೆರಿ. ಬಾಣಲೆಯಲ್ಲಿ ಗೋಲಿಯಂತೆ ಉರುಳುತ್ತದೆ, ಎಲ್ಲ ಕಡೆಯೂ ಸಮನಾಗಿ ಕೆಂಪಾಗುತ್ತದೆ.

'ಪ್ಲಾಂಟೇಷನ್' ಎಂದರೆ ಹಣ್ಣಿನ ತಿರುಳು ತೆಗೆದು, ಹುದುಗಿಸಿ, ತೊಳೆದು ಒಣಗಿಸಿದ ಅರೇಬಿಕಾ. 'ಚೆರ್ರಿ' ಎಂದರೆ ಹಣ್ಣನ್ನು ಹಾಗೇ ಬಿಸಿಲಿಗೆ ಹಾಕಿ ಒಣಗಿಸಿದ್ದು. ತೊಳೆದದ್ದು ಸ್ವಚ್ಛ, ಆದರೆ ಎಸ್ಪ್ರೆಸೊದಲ್ಲಿ ಅದರ ಹುಳಿ ಎದ್ದು ಕಾಣುತ್ತದೆ. ಕಡಿಮೆ ಹುರಿದರೆ ಹುಣಸೆಹಣ್ಣೇ ಸರಿ! ಒಳ್ಳೆಯ ಚೆರ್ರಿ ಸಿಕ್ಕರೆ ಸಿಹಿ, ಮೈ ಎರಡೂ ಹೆಚ್ಚು. ಆದರೆ ಒಳ್ಳೆಯದು ಸಿಗುವುದು ಕಷ್ಟ. ಅಂದ ಹಾಗೆ, ಒಮ್ಮೆ ಮಗ ತಂದ ಉಬ್ಬಿದ, ಬಿಳಿಚಿದ ಬೀಜವನ್ನು ಹಳೇ ಮಾಲೆಂದು ಮೂಲೆಗಿಟ್ಟಿದ್ದೆವು. ಅದು 'ಮಾನ್ಸೂನ್ಡ್ ಮಲಬಾರ್'. ಕರಾವಳಿಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನ ಮಳೆಗಾಳಿಗೆ ಬೇಕೆಂದೇ ಒಡ್ಡಿ ಹುಳಿ ಇಳಿಸಿದ ಬೀಜ. ನಮ್ಮ ಮೂಲೆಯ ಬೀಜವೇ ಯುರೋಪಿನವರಿಗೆ ಎಸ್ಪ್ರೆಸೊಗೆ ಅಚ್ಚುಮೆಚ್ಚಂತೆ!

ಇನ್ನು ಆ ಹುಡುಗನ ಪ್ರಶ್ನೆ. ಸಿಂಗಲ್ ಒರಿಜಿನ್ ಎಂದರೆ ಬೇರೆ ಬೇರೆ ಕಡೆಯದನ್ನು ಬೆರೆಸದ, ಒಂದೇ ನೆಲದ ಕಾಫಿ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡ್ ರೊಬಸ್ಟಾ, ಅರಕು ಕಣಿವೆ ಅರೇಬಿಕಾ ಐದಕ್ಕೂ ಭೌಗೋಳಿಕ ಸೂಚಕ ಸಿಕ್ಕಿತು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಮೊದಲ ಏಳು ಬೀಜಗಳನ್ನು ಬಾಬಾಬುಡನ್ ಅವರು ಯೆಮೆನ್‌ನಿಂದ ತಂದು ಆ ಗಿರಿಯಲ್ಲೇ ನೆಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಅರಕು ಇರುವುದು ನಮ್ಮದೇ ರಾಜ್ಯದಲ್ಲಿ, ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿ. ಆದಿವಾಸಿ ರೈತರು ಸಣ್ಣ ಸಣ್ಣ ಹಿಡುವಳಿಗಳಲ್ಲಿ ಬೆಳೆಯುವ ಕಾಫಿ. ಆದರೆ ನಮಗೆ ಅರಕುಗಿಂತ ಚಿಕ್ಕಮಗಳೂರೇ ಹತ್ತಿರ. ಮನೆಯಲ್ಲಿ ಕನ್ನಡ, ಯಾರ್ಡಿನಲ್ಲಿ ತೆಲುಗು, ಪಕ್ಕದ ಮನೆಯವರ ಜೊತೆ ಉರ್ದು ಆಡುವ ನಾವು 'ಒಂದೇ ನೆಲದ್ದು' ಹುಡುಕುತ್ತ ಹೊರಟಿದ್ದೇವಲ್ಲ ಎಂದು ನಗುವೂ ಬಂತು.

ಮೊದಲು ಹೆಸರಿಗೆ ಸೋತು ಗಿರಿಯದನ್ನೇ ತರಿಸುತ್ತಿದ್ದೆವು, ಅರಕು ಮುಟ್ಟಿರಲಿಲ್ಲ. ಕಳೆದ ವರ್ಷ ಎರಡನ್ನೂ ಒಂದೊಂದು ಕೆಜಿ ತರಿಸಿ, ಡಬ್ಬಗಳಿಗೆ 1, 2 ಎಂದಷ್ಟೇ ಬರೆಸಿದೆವು. ಯಾವುದು ಯಾವುದೆಂದು ಮಗನಿಗೆ ಮಾತ್ರ ಗೊತ್ತು. ಇಬ್ಬರೂ ಮೆಚ್ಚಿದ್ದು 2. ಅದು ಅರಕು. ಗಿರಿಯ ಬೀಜ ಕೆಟ್ಟದೆಂದಲ್ಲ, ನಮಗೆ ಸಿಕ್ಕಿದ ಆ ಕಂತು ಒಂದು ವರ್ಷ ಹಳೆಯದಾಗಿತ್ತು. ಈ ವರ್ಷ ಗಿರಿಯ ಹೊಸ ಪೀಬೆರಿ ಬಂದಿದೆ, ಅದೇ ಗೆದ್ದಿದೆ. ಹೀಗಾಗಿ, ಮರೀ, ನಾವು ಹುರಿಯುವುದು ಆ ವರ್ಷ ಯಾವುದು ಹೊಸದೋ ಅದನ್ನು.

ಯಾವುದೇ ತಂದರೂ ಮೊರಕ್ಕೆ ಹಾಕುವುದು ತಪ್ಪುವುದಿಲ್ಲ. ಒಂದು ಲೋಟ ಎಸ್ಪ್ರೆಸೊಗೆ 16 ಗ್ರಾಂ, ಅಂದರೆ ಸುಮಾರು ನೂರಿಪ್ಪತ್ತು ಬೀಜ. ಅದರಲ್ಲಿ ಒಂದೆರಡು ಕಪ್ಪು ಬೀಜ, ಹುಳ ಕೊರೆದ ಬೀಜ ಸೇರಿದರೂ ಬಾಯಿಗೆ ಗೊತ್ತಾಗುತ್ತದೆ. ಒಬ್ಬರು ಆಯುವುದು, ಇನ್ನೊಬ್ಬರು ಹುರಿಯುವುದು. 200 ಗ್ರಾಂ ಹಾಕಿದರೆ 170ರ ಹತ್ತಿರ ಉಳಿಯುತ್ತದೆ. ಸಾಸಿವೆ ಸಿಡಿದಂತೆ ಮೊದಲ ಚಟಪಟ ಮುಗಿದು ಒಂದೆರಡು ನಿಮಿಷಕ್ಕೆ ಇಳಿಸಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ನಾಲ್ಕೈದು ದಿನ ಬಿಟ್ಟು ಕುಡಿಯುತ್ತೇವೆ. ಅಡುಗೆಮನೆಯ ಕಟ್ಟೆಯ ಮೇಲೆ, ಬೆಳಿಗ್ಗೆ ಆರಕ್ಕೆ.

ನಾಳೆ ಭಾನುವಾರ. ಮೊರ ಮುಂದಿದೆ. ಐದು ಕಪ್ಪು ಬೀಜ, ಎರಡು ತೂತು ಬಿದ್ದದ್ದು ಸಿಕ್ಕಿವೆ, ಇನ್ನೂ ಅರ್ಧ ಮೊರ ಬಾಕಿ.