ಎದೆಯ ಬಿಡುವು

ಚಿಕ್ಕವಳಿದ್ದಾಗ, ಊಟ ಮುಗಿಸಿ ಅಡ್ಡಾದ ಅಜ್ಜನ ಎದೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಒಳಗಿಂದ ಲಬ್ ಡಬ್ ಕೇಳುತ್ತಿತ್ತು. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಕೇಳುವವರೆಗೂ ವೈದ್ಯರಿಗೂ ಅದೇ ದಾರಿ: ಎದೆಗೆ ಕಿವಿಯಿಡುವುದು.

ಆ ಸದ್ದು ಕವಾಟಗಳದು. ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಹಿಂಡತೊಡಗಿದೊಡನೆ, ರಕ್ತ ಮೇಲಿನ ಕೋಣೆಗಳಿಗೆ ಹಿಂದಿರುಗದಂತೆ ಎರಡು ಕವಾಟ ಮುಚ್ಚುತ್ತವೆ, ಅದು ಲಬ್. ರಕ್ತ ಹೊರಟ ಮೇಲೆ ಧಮನಿಗಳ ಬಾಯಲ್ಲಿರುವ ಇನ್ನೆರಡು ಮುಚ್ಚುತ್ತವೆ; ಅದು ಡಬ್. ಒಂದೊಂದು ಹೃತ್ಕುಕ್ಷಿಯಿಂದ ಹೊರಡುವುದು ಸಲಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ.

ಮಿಡಿ ಎಂದು ಮಿದುಳು ಅಪ್ಪಣೆ ಕೊಡಬೇಕಾಗಿಲ್ಲ. ಮೇಲಿನ ಬಲಗೋಣೆಯಾದ ಬಲ ಹೃತ್ಕರ್ಣದಲ್ಲಿರುವ ಜೀವಕೋಶಗಳ ಪುಟ್ಟ ಗಂಟು ತಾನಾಗಿ ಮಿಡಿಯುತ್ತದೆ. ಇಂಗ್ಲೆಂಡಿನ ಮಾರ್ಟಿನ್ ಫ್ಲ್ಯಾಕ್ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಬಿಲದಲ್ಲಿ ಬಾಳುವ ಮೋಲ್ ಎಂಬ ಪ್ರಾಣಿಯ ಹೃದಯದಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ಕಂಡ. ಗುರು ಆರ್ಥರ್ ಕೀತ್ ಜೊತೆ 1907ರಲ್ಲಿ ಪ್ರಕಟಿಸಿದ. ಅಲ್ಲಿಂದ ಹೊರಟ ವಿದ್ಯುತ್ತು ನಡುವೆ ಸೆಕೆಂಡಿನ ಹತ್ತನೇ ಒಂದರಷ್ಟು ತಡೆಯುತ್ತದೆ, ಮೇಲಿನ ಕೋಣೆಗಳು ರಕ್ತವನ್ನು ಕೆಳಕ್ಕೆ ದಾಟಿಸಿ ಮುಗಿಸಲೆಂದು. ಎಷ್ಟು ಸಲ ಓದಿದರೂ ಈ ತಡ ನನ್ನನ್ನು ಬೆರಗುಗೊಳಿಸುತ್ತದೆ.

ಹೃದಯಕ್ಕೆ ಬಿಡುವೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮಿಷಕ್ಕೆ 75 ಬಡಿತವಾದರೆ ಒಂದೊಂದಕ್ಕೆ 0.8 ಸೆಕೆಂಡು. ಹೃತ್ಕುಕ್ಷಿ ಹಿಂಡುವುದು ಸುಮಾರು 0.3 ಸೆಕೆಂಡು, ಉಳಿದ ಅರ್ಧ ಸೆಕೆಂಡು ಸಡಿಲವಾಗಿರುತ್ತದೆ. ಅದರ ಊಟವೂ ಆಗಲೇ. ಒಳಗೆ ರಕ್ತ ತುಂಬಿದ್ದರೂ ದಪ್ಪ ಗೋಡೆಗೆ ಅದು ದಕ್ಕದು. ಹೊರಮೈಯಲ್ಲಿ ಹಬ್ಬಿರುವ ಕೊರೊನರಿ ಧಮನಿಗಳಿಂದಲೇ ಬರಬೇಕು. ಹಿಂಡುವಾಗ ಎಡಗೋಡೆಯೊಳಗಿನ ನಾಳಗಳೂ ಅದುಮಿಹೋಗುತ್ತವೆ. ಹಾಗಾಗಿ ಎಡ ಹೃತ್ಕುಕ್ಷಿ ತನ್ನ ಪಾಲಿನ ರಕ್ತವನ್ನು ಬಹುಪಾಲು ಪಡೆಯುವುದು ಬಿಡುವಿನಲ್ಲಿ.

ಬಡಿತ ಏರಿದಾಗ ಹಿಂಡುವ ಹೊತ್ತಿಗಿಂತ ಬಿಡುವಿನ ಹೊತ್ತೇ ಹೆಚ್ಚು ಕುಗ್ಗುತ್ತದೆ. ಕೊರೊನರಿ ಧಮನಿ ಕಿರಿದಾದವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ನನ್ನ ಚಿಕ್ಕಮ್ಮನಿಗೆ ಡಾಕ್ಟರು ಮೆಟೊಪ್ರೊಲಾಲ್ ಬರೆದುಕೊಟ್ಟಿದ್ದಾರೆ. ಬಡಿತವನ್ನು ನಿಧಾನಗೊಳಿಸಿ ಬಿಡುವನ್ನು ಹಿಗ್ಗಿಸುವ ಮಾತ್ರೆ ಅದು. "ನೋವೇನೂ ಇಲ್ಲ ಕಣೇ, ಬಿಟ್ಟುಬಿಡ್ಲಾ?" ಎಂದು ಮೊನ್ನೆ ಕೇಳಿದರು. ಅದನ್ನು ಒಮ್ಮೆಗೇ ನಿಲ್ಲಿಸಿದರೆ ಬಡಿತ ಹಠಾತ್ತನೆ ಏರಿ ಎದೆನೋವು ಜೋರಾಗಬಹುದು, ಹೃದಯಾಘಾತವೂ ಆಗಬಹುದು. "ಬೇಡ ಚಿಕ್ಕಮ್ಮ, ಡಾಕ್ಟರನ್ನ ಕೇಳದೆ ಒಂದು ದಿನಾನೂ ಬಿಡ್ಬೇಡಿ" ಎಂದೆ.