ಏಳು ದಿನದ ಪಾಸು

ಪ್ರವಾಸವು ಗಾಡಿ ಹೊರಟಾಗ ಪ್ರಾರಂಭವಾಗುವುದೆಂದು ತಿಳಿದವರು ಸಂಸಾರಸಹಿತ ಪ್ರವಾಸ ಮಾಡಿದವರಲ್ಲ. ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ತೆರೆದಾಗಲೇ ಅದು ಪ್ರಾರಂಭವಾಗಿರುತ್ತದೆ. ಅದರ ಮೊದಲನೆಯ ಜಗಳವೂ ಅಲ್ಲಿಯೇ ನಡೆದುಹೋಗಿರುತ್ತದೆ.

ಬೆಟಗೇರಿಯ ಒಂದು ಮನೆಯಲ್ಲಿ ಈ ಮಾತು ಯುಗಾದಿಯಿಂದ ನಡೆದಿದೆ. ಯಜಮಾನರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ರೈನ್ ನದಿ ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ ಉತ್ತರ ಸಮುದ್ರ ಸೇರುವ ದಾರಿಯನ್ನು ಅವರು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲರು. ಕಣ್ಣು ತೆರೆದು ನೋಡಿದ್ದು ಮಾತ್ರ ತುಂಗಭದ್ರೆಯನ್ನು ಮತ್ತು ಕೃಷ್ಣೆಯನ್ನು. ಮಗಳ ಮದುವೆ, ಮಗನ ಓದು, ಮನೆಯ ಸಾಲ ಎಲ್ಲವೂ ತೀರುವಷ್ಟರಲ್ಲಿ ವಯಸ್ಸು ಅರವತ್ತು ದಾಟಿತು. ಯಜಮಾನಿತಿಯ ಮೊಣಕಾಲು ಈಗಾಗಲೇ ನೋಯುತ್ತದೆ. ಹೋದರೆ ಇದೊಂದೇ ಸಲ. ಎರಡನೆಯ ಸಲವೆಂಬುದು ಇಲ್ಲ.

ಇಂಥವರಿಗೆ ಯೂರೇಲ್ ಪಾಸು ದೇವರು ಕೊಟ್ಟ ವರದಂತೆ ಕಾಣುವುದು ಸಹಜ. ಯುರೋಪಿನ ಹೊರಗಿನ ಪ್ರವಾಸಿಗಳಿಗೆಂದು 1959ರಲ್ಲಿ 13 ದೇಶಗಳು ಸೇರಿ ಪ್ರಾರಂಭಿಸಿದ ಈ ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ಅದರ ಒಂದು ಬಗೆಯಲ್ಲಿ, ಒಂದು ತಿಂಗಳೊಳಗೆ ತಮಗೆ ಬೇಕಾದ 7 ದಿನಗಳನ್ನು ಆರಿಸಿಕೊಳ್ಳಬಹುದು. ಆರಿಸಿದ ದಿನ, ನಡುರಾತ್ರಿಯಿಂದ ನಡುರಾತ್ರಿಯವರೆಗೆ, ಎಷ್ಟು ಗಾಡಿಗಳನ್ನಾದರೂ ಹತ್ತಬಹುದು. 60 ತುಂಬಿದವರಿಗೆ ಶೇಕಡಾ 10ರಷ್ಟು ರಿಯಾಯಿತಿಯೂ ಉಂಟು.

ಆದರೆ ಈ ‘ಎಷ್ಟಾದರೂ’ ಎಂಬ ಮಾತಿನಲ್ಲಿಯೇ ಅಪಾಯವಿದೆ. ಖಾನಾವಳಿಯಲ್ಲಿ ಪೂರ್ಣ ಊಟದ ಚೀಟಿ ಕೊಂಡವನು ಹಸಿವನ್ನು ನೋಡಿ ಉಣ್ಣುವುದಿಲ್ಲ. ಚೀಟಿಯನ್ನು ನೋಡಿ ಉಣ್ಣುತ್ತಾನೆ. ಮಾಸ್ತರರ ಮೊದಲನೆಯ ಯೋಜನೆಯೂ ಹಾಗೆಯೇ ಆಯಿತು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ವಿಯೆನ್ನಾ, ವೆನಿಸ್, ರೋಮ್, ಏಳನೆಯ ದಿನ ಮರಳಿ ಪ್ಯಾರಿಸ್. ಕೆಂಪು ಶಾಯಿಯ ಗೆರೆ ಅಟ್ಲಾಸಿನ ಆ ಪುಟವನ್ನೆಲ್ಲ ಸುತ್ತಿ ಬಂದಿತು.

ಯಜಮಾನಿತಿ ಅದನ್ನು ಬಹಳ ಹೊತ್ತು ನೋಡಿದರು. “ಏನ್ರೀ, ನಾವು ಊರು ನೋಡಾಕ ಹೊಂಟೀವೋ, ಪಾಸಿನ ರೊಕ್ಕ ತೀರಿಸಾಕ ಹೊಂಟೀವೋ?” ಎಂದರು.

“ಕೊಟ್ಟ ರೊಕ್ಕ ಮುಟ್ಟಬ್ಯಾಡೇನು?” ಎಂದರು ಮಾಸ್ತರರು.

“ರೊಕ್ಕ ಮುಟ್ಟತೈತಿ. ನನ್ನ ಮೊಣಕಾಲು ರೋಮಿಗೆ ಮುಟ್ಟಂಗಿಲ್ಲ.”

ಉತ್ತರ ತೋಚದೆ ಮಾಸ್ತರರು ಪಾಸಿನ ನಿಯಮಗಳನ್ನು ಮತ್ತೊಮ್ಮೆ ಓದತೊಡಗಿದರು. ಪಾಸು ಇದ್ದ ಮಾತ್ರಕ್ಕೆ ಆಸನ ಇರುವುದಿಲ್ಲ. ಫ್ರಾನ್ಸಿನ ಮತ್ತು ಇಟಲಿಯ ಅತಿವೇಗದ ಗಾಡಿಗಳಿಗೂ ರಾತ್ರಿಯ ಮಲಗುವ ಗಾಡಿಗಳಿಗೂ ಬೇರೆ ಹಣ ತೆತ್ತು ಸ್ಥಳ ಕಾಯ್ದಿರಿಸಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಹಗಲಿನ ಬಹುತೇಕ ಗಾಡಿಗಳಿಗೆ ಈ ಕಟ್ಟಳೆಯಿಲ್ಲ. ಪಾಸು ವೀಸಾ ಅಲ್ಲ. ಷೆಂಗೆನ್ ವೀಸಾವನ್ನು ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ಉಳಿಯುವ ಊರು, ತಂಗುವ ಮನೆ ಮೊದಲೇ ಗೊತ್ತಾಗಿರಬೇಕು. ಕನಿಷ್ಠ 30,000 ಯೂರೋಗಳ ಆರೋಗ್ಯ ವಿಮೆ ಬೇಕು. ಪಾಸು ಬ್ರಿಟನ್ನಿನಲ್ಲಿ ನಡೆದರೂ ವೀಸಾ ಅಲ್ಲಿಗೆ ಬೇರೆ. ಇಷ್ಟಾದ ಮೇಲೆ, ಹೋಗುವ ದಾರಿಗಳ ಟಿಕೀಟುಗಳನ್ನು ಮುಂಚಿತವಾಗಿ ಬಿಡಿಬಿಡಿಯಾಗಿ ಕೊಂಡರೆ ಎಷ್ಟಾಗುವುದೆಂದು ಕೂಡಿಸಿ ನೋಡಬೇಕು. ಕೆಲವರಿಗೆ ಅದೇ ಅಗ್ಗವಾಗುವುದೂ ಉಂಟು.

ಇದಕ್ಕಿಂತ ದೊಡ್ಡ ಬುದ್ಧಿ ಮಾತು ಯಜಮಾನಿತಿಯ ತವರಾದ ಲಕ್ಷ್ಮೇಶ್ವರದಿಂದ ಬಂದಿತು. ಗದಗಿನಲ್ಲಿ ರೈಲು ಉಂಟು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಇಲ್ಲ. ಆದುದರಿಂದ ಆ ಊರುಗಳವರು ರೈಲು ಎಷ್ಟು ಗಂಟೆಗೆ ಹೊರಡುತ್ತದೆಂದು ಮೊದಲು ಕೇಳುವುದಿಲ್ಲ. ಇಳಿದ ಮೇಲೆ ಬಸ್ಸು ಇರುತ್ತದೆಯೇ ಎಂದು ಕೇಳುತ್ತಾರೆ. ಯಜಮಾನಿತಿಯ ಅಣ್ಣ ಕೇಳಿದ್ದೂ ಅಷ್ಟೇ: “ಮಾವಾರ, ಆರೂ ಊರಾಗ ರಾತ್ರಿ ಇಳಿದು ಪೆಟ್ಟಿಗಿ ಹೊತ್ತುಕೊಂಡು ಎಲ್ಲಿಗೆ ನಡೀತೀರಿ?” ಯುರೋಪಿನ ನಿಲ್ದಾಣಗಳಲ್ಲಿ ಕೂಲಿಗಳು ಸಿಗುವುದು ವಿರಳ. ದಿನಕ್ಕೊಂದು ಊರೆಂದರೆ ದಿನಕ್ಕೊಂದು ಸಲ ಪೆಟ್ಟಿಗೆ ಕಟ್ಟುವುದು.

ಎರಡನೆಯ ಯೋಜನೆಯಲ್ಲಿ ಮೂರೇ ಬಿಡಾರಗಳು ಉಳಿದವು. ಮೊದಲನೆಯದು ಕೋಬ್ಲೆನ್ಸ್. ಮೋಸೆಲ್ ನದಿ ರೈನ್ ನದಿಯನ್ನು ಕೂಡುವುದು ಅಲ್ಲಿಯೇ; ಸಂಗಮವೆಂದ ಮೇಲೆ ಯಜಮಾನಿತಿಗೂ ಆ ಊರಿನ ಮೇಲೆ ಮನಸ್ಸಾಯಿತು. ಎರಡನೆಯದು ಸ್ವಿಟ್ಜರ್ಲೆಂಡಿನ ಲುಸರ್ನ್. ಮೂರನೆಯದು ಇಟಲಿಯ ಮಿಲಾನ್. ಲುಸರ್ನಿನಿಂದ ಮಿಲಾನಿಗೆ ಹೋಗಲು 2016ರಲ್ಲಿ ತೆರೆದ 57 ಕಿಲೋಮೀಟರಿನ ಗೊಟ್ಹಾರ್ಡ್ ಸುರಂಗವಿದೆ. ಅದರಲ್ಲಿ ಹೊತ್ತು ಉಳಿಯುತ್ತದೆ, ಬೆಟ್ಟ ಕಾಣುವುದಿಲ್ಲ. ಮಾಸ್ತರರು ಅದನ್ನು ಬಿಟ್ಟು 1882ರ ಹಳೆಯ ಬೆಟ್ಟದ ದಾರಿಯನ್ನೇ ಆರಿಸಿಕೊಂಡರು. ಅಲ್ಲಿ ಗಾಡಿಯು ಬೆಟ್ಟದೊಳಗೆ ಸುತ್ತಿ ಸುತ್ತಿ ಏರುವಾಗ ವಾಸೆನ್ ಎಂಬ ಹಳ್ಳಿಯ ಒಂದೇ ಇಗರ್ಜಿಯು ಮೂರು ಸಲ ಮೂರು ಎತ್ತರಗಳಿಂದ ಕಾಣಿಸುತ್ತದೆ. ಮುಂದೆ ಗದಗಿಗೆ ರೈಲು ತಂದ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪನೆಯಾದುದೂ ಅದೇ 1882ರಲ್ಲಿ ಎಂಬುದು ಅವರಿಗೆ ಶುಭಶಕುನವಾಗಿ ಕಂಡಿತು.

ಬುತ್ತಿಯ ವಿಚಾರದಲ್ಲಿ ಜಗಳವಾಗಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪೆಟ್ಟಿಗೆ ಸೇರಿದವು. ಧಾರವಾಡದ ಪೇಢೆ ಮಾತ್ರ ಮನೆಯಲ್ಲಿಯೇ ಉಳಿಯಬೇಕಾಯಿತು. ಹೊರಗಿನಿಂದ ಬರುವ ಪ್ರವಾಸಿಗಳು ಹಾಲಿನ ಪದಾರ್ಥಗಳನ್ನು ಒಳಗೆ ತರುವುದನ್ನು ಯುರೋಪಿನ ಒಕ್ಕೂಟವು ನಿಷೇಧಿಸಿದೆ.

ಯೋಜನೆಯೇ ಇಲ್ಲದೆ ರೈಲು ಹತ್ತಿದವರನ್ನೂ ಗದಗು ಕಂಡಿದೆ. 1933ರಲ್ಲಿ, ಹನ್ನೊಂದರ ಬಾಲಕ ಭೀಮಸೇನ ಜೋಶಿಯವರು ಗುರುವನ್ನು ಅರಸಿ ಮನೆ ಬಿಟ್ಟು ಹೊರಟರು. ಗ್ವಾಲಿಯರ್, ಜಲಂಧರಗಳನ್ನೆಲ್ಲ ಸುತ್ತಿದ ಮೇಲೆ, ಹುಬ್ಬಳ್ಳಿಯ ಬಳಿಯ ಕುಂದಗೋಳದಲ್ಲಿ ಸವಾಯಿ ಗಂಧರ್ವರಲ್ಲಿ ಅವರ ಶಿಕ್ಷಣ ಪ್ರಾರಂಭವಾದುದು 1936ರಲ್ಲಿ. ಹನ್ನೊಂದರ ವಯಸ್ಸಿಗೆ ಅಷ್ಟು ಅಲೆಯಲು ಕಾಲವಿತ್ತು. ಅರವತ್ತು ದಾಟಿದವರಿಗೆ ಇರುವುದು ಏಳು ದಿನಗಳು.

ಆ ಏಳರಲ್ಲಿ ಐದಕ್ಕೆ ಮಾತ್ರ ಮಾಸ್ತರರು ಊರಿನ ಹೆಸರು ಬರೆದಿದ್ದಾರೆ. ಉಳಿದೆರಡು ಲುಸರ್ನಿನ ಬಿಡಾರದಲ್ಲಿ ಕಳೆಯುವ ದಿನಗಳು. ಬೆಳಿಗ್ಗೆ ಎದ್ದು, ಮೊಣಕಾಲನ್ನೂ ಮೋಡವನ್ನೂ ನೋಡಿ, ನಿಲ್ದಾಣದಲ್ಲಿ ಯಾವ ಗಾಡಿ ನಿಂತಿದ್ದರೆ ಅದನ್ನು ಹತ್ತಿ ಸಂಜೆಗೆ ಮರಳುವುದು. ನೋವು ಹೆಚ್ಚಾಗಿದ್ದರೆ ಸರೋವರದ ದಂಡೆಯಲ್ಲಿ ಕೂತುಬಿಡುವುದು. ಆ ದಿನದ ಹಣ ಮುಟ್ಟಿತೇ ಇಲ್ಲವೇ ಎಂದು ಕೇಳುವವರು ಈಗ ಆ ಮನೆಯಲ್ಲಿ ಯಾರೂ ಇಲ್ಲ.